ಅರಿಯಲೂರಿನ ಸುಣ್ಣಕಲ್ಲು ಕ್ವಾರಿಯಲ್ಲಿ ಕಡಲ ಪಳೆಯುಳಿಕೆಗಳ ಮತ್ತು ಶಿಲಾಪದರಗಳ ಅಧ್ಯಯನ: ಸಮಗ್ರ ಮಾರ್ಗದರ್ಶಿ

ತಮಿಳುನಾಡಿನ ಅರಿಯಲೂರು, ಪೆರಂಬಲೂರು ಮತ್ತು ತಿರುಚಿರಾಪಳ್ಳಿ ಜಿಲ್ಲೆಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿಗಾಗಿ ಅಗೆಯುತ್ತಿರುವ ಸುಣ್ಣಕಲ್ಲು ಡೈನೊಸಾರ್‌ಗಳ ಕೊನೆಯ ಕಾಲಘಟ್ಟವಾದ ಕ್ರಿಟೇಷಿಯಸ್ ಯುಗದ ಕಡಲ ತಳದಲ್ಲಿ ಸಂಚಯಗೊಂಡದ್ದು. ಇಂದಿನ ಕಡಲತೀರದಿಂದ ಬಹಳ ಒಳನಾಡಿನಲ್ಲಿರುವ ಈ ಬಯಲಿನಲ್ಲಿ ಸಿಂಪಿ, ಕಡಲ ಮುಳ್ಳುಚೆಂಡು (ಸೀ ಅರ್ಚಿನ್), ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿ) ಮೊದಲಾದ ಜೀವಿಗಳ ಅವಶೇಷಗಳು ದೊರೆಯುತ್ತವೆ ಎಂಬುದು ವಿದ್ವಾಂಸರಿಗೆ 1840ರ ದಶಕದಿಂದಲೇ ಗೊತ್ತಿತ್ತು. ಕೇ ಮತ್ತು ಕನ್ಲಿಫ್ ಎಂಬ ಅಧಿಕಾರಿಗಳು ಸಂಗ್ರಹಿಸಿದ ಮಾದರಿಗಳನ್ನು ಎಡ್ವರ್ಡ್ ಫೋರ್ಬ್ಸ್ 1846ರಲ್ಲಿ ವರ್ಣಿಸಿದರು, ಎಚ್. ಎಫ್. ಬ್ಲಾನ್‌ಫರ್ಡ್ ಈ ಸೀಮೆಯ ಪದರಗಳ ನಕ್ಷೆ ತಯಾರಿಸಿ 1862ರಲ್ಲಿ ವರದಿ ಕೊಟ್ಟರು; ಅನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಫರ್ಡಿನಾಂಡ್ ಸ್ಟೊಲಿಚ್ಕಾ ಒಂದೊಂದೇ ಜೀವಿವರ್ಗವನ್ನು ಹಿಡಿದು ದೊಡ್ಡ ಸಂಪುಟಗಳನ್ನೇ ಬರೆದರು. ಇವರಿಗೆ ಸಿಕ್ಕದ್ದು ಹಳ್ಳದ ದಂಡೆ, ಬಾವಿಯ ಗೋಡೆ, ಉತ್ತ ಹೊಲದ ಮೇಲ್ಮೈ. ನಮಗೆ ಸಿಗುವುದು ಯಂತ್ರಗಳು ಕಡಿದು ನಿಲ್ಲಿಸಿದ, ಹಲವಾರು ಮೀಟರ್ ಎತ್ತರದ ಹಸಿ ಗೋಡೆ. ಆದರೆ ಈ ಗೋಡೆ ಬಾಳುವುದಿಲ್ಲ. ಈ ವಾರ ಕಂಡದ್ದು ಮುಂದಿನ ವಾರ ಕ್ರಷರ್‌ಗೆ ಹೋಗಿರುತ್ತದೆ.

ಆದ್ದರಿಂದ ನಡೆಯುತ್ತಿರುವ ಕ್ವಾರಿಯಲ್ಲಿ ಅನುಸರಿಸಬೇಕಾದ ಕ್ರಮವು ಬೇರೆ ಕಡೆಯ ಕ್ಷೇತ್ರಕಾರ್ಯಕ್ಕಿಂತ ಸ್ವಲ್ಪ ಭಿನ್ನ. ಇಲ್ಲಿ ಮೊದಲು ದಾಖಲಿಸಬೇಕಾದದ್ದು ಪದರ. ಚಿಪ್ಪಿನ ಸರದಿ ಆಮೇಲೆ. ಯಾವ ಪದರದಿಂದ ಬಂತೆಂದು ತಿಳಿಯದ ಚಿಪ್ಪು ಎಷ್ಟು ಅಂದವಾಗಿದ್ದರೂ ಕಪಾಟಿನ ಅಲಂಕಾರವಷ್ಟೇ. ಪದರದ ಸಂಖ್ಯೆ ಬರೆದಿಟ್ಟ ಮುರುಕು ಚೂರು ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಮುಂದಿನ ಹಂತಗಳೆಲ್ಲ ಇದೇ ನಿಲುವಿನ ಮೇಲೆ ನಿಂತಿವೆ. ಭೂವಿಜ್ಞಾನದ ಪದವಿ ವಿದ್ಯಾರ್ಥಿಗಳನ್ನು ಮತ್ತು ಅವರನ್ನು ಕರೆದೊಯ್ಯುವ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಹೊರಡುವ ಮುನ್ನ ಪದರಗಳ ಅನುಕ್ರಮ

ಈ ಪ್ರದೇಶದ ತಳದಲ್ಲಿರುವುದು ಅತಿ ಪುರಾತನವಾದ ನೈಸ್ ಮತ್ತು ಚಾರ್ನೊಕೈಟ್ ಶಿಲೆ. ಗೊಂಡ್ವಾನ ಭೂಖಂಡ ಒಡೆದು ಭಾರತವು ಅಂಟಾರ್ಕ್ಟಿಕಾದಿಂದ ಬೇರ್ಪಡುವಾಗ ಪೂರ್ವದ ಅಂಚಿನಲ್ಲಿ ಉಂಟಾದ ಬಿರುಕುಗಳಲ್ಲಿ ಕಾವೇರಿ ಜಲಾನಯನದ ತಗ್ಗು ರೂಪುಗೊಂಡಿತು. ಅದರೊಳಗೆ ಕಡಲು ನುಗ್ಗಿತು. ಕೆಳಗಿನಿಂದ ಮೇಲಕ್ಕೆ ಉಟ್ಟತ್ತೂರು ಗುಂಪು, ತಿರುಚಿರಾಪಳ್ಳಿ ಗುಂಪು, ಅರಿಯಲೂರು ಗುಂಪು ಎಂಬ ಮೂರು ವಿಭಾಗಗಳೂ, ಅವುಗಳ ಮೇಲೆ ಕ್ರಿಟೇಷಿಯಸ್‌ನ ನಂತರದ ಪೇಲಿಯೊಸೀನ್ ಕಾಲದ ನಿನಿಯೂರು ಪದರಗಳೂ ಇವೆ. ಹೀಗೆ ಸುಮಾರು 11 ಕೋಟಿ ವರ್ಷಗಳ ಹಿಂದಿನಿಂದ 6 ಕೋಟಿ ಚಿಲ್ಲರೆ ವರ್ಷಗಳ ಹಿಂದಿನವರೆಗಿನ ಕಡಲ ದಾಖಲೆ ಇಲ್ಲಿದೆ. ಒಟ್ಟಾರೆಯಾಗಿ ಪದರಗಳು ಪೂರ್ವದತ್ತ ಅಲ್ಪವಾಗಿ ಬಾಗಿರುವುದರಿಂದ ಪಶ್ಚಿಮದ ಉಟ್ಟತ್ತೂರಿನಿಂದ ಪೂರ್ವದ ಅರಿಯಲೂರಿನ ಕಡೆಗೆ ಹೋದಂತೆಲ್ಲ ಹೆಚ್ಚು ಈಚಿನ ಪದರಗಳು ಎದುರಾಗುತ್ತವೆ.

ಎಲ್ಲ ಕ್ವಾರಿಗಳೂ ಒಂದೇ ಕಾಲದ ಕಲ್ಲನ್ನು ಅಗೆಯುತ್ತಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ದಾಲ್ಮಿಯಾಪುರ, ಅಂದರೆ ಕಲ್ಲಕುಡಿಯ ಕ್ವಾರಿಗಳಲ್ಲಿರುವುದು ಉಟ್ಟತ್ತೂರು ಗುಂಪಿನ ಹಳೆಯ ಸುಣ್ಣಕಲ್ಲು. ಅಲ್ಲಿ ಬೂದುಬಣ್ಣದ ಜೇಡಿಪದರಗಳ ಜೊತೆಗೆ ಹವಳ ಮತ್ತು ಸುಣ್ಣಪಾಚಿಗಳು ಕಟ್ಟಿದ ದಿಬ್ಬದಂಥ ಕಲ್ಲು ಕಾಣುತ್ತದೆ. ಅರಿಯಲೂರು ಪಟ್ಟಣದ ಸುತ್ತಲಿನ ಕಲ್ಲಂಕುರಿಚ್ಚಿ ಸುಣ್ಣಕಲ್ಲು ಬಹಳ ಈಚಿನದು, ಮಾಸ್ಟ್ರಿಕ್ಟಿಯನ್ ಕಾಲಕ್ಕೆ, ಅಂದರೆ ಸುಮಾರು 7.2 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿಗೆ ಸೇರಿದ್ದು. ಮೊದಲ ಅಧ್ಯಯನಕ್ಕೆ ಕಲ್ಲಂಕುರಿಚ್ಚಿ ಕಲ್ಲೇ ಹೆಚ್ಚು ಅನುಕೂಲಕರ. ಅದರಲ್ಲಿ ಚಿಪ್ಪುಗಳು ದಟ್ಟವಾಗಿವೆ, ಪದರದಿಂದ ಪದರಕ್ಕೆ ಜೀವಿಸಮೂಹ ಬದಲಾಗುವುದು ಬರಿಗಣ್ಣಿಗೇ ತಿಳಿಯುತ್ತದೆ. ಈ ಬರಹದ ಉದಾಹರಣೆಗಳು ಹೆಚ್ಚಾಗಿ ಅದರವೇ.

ಕರ್ನಾಟಕದ ಓದುಗರಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ: ಸೇಡಂ, ಮಳಖೇಡ, ವಾಡಿ, ಶಹಾಬಾದ್ ಭಾಗದಲ್ಲಿಯೂ ಸಿಮೆಂಟಿಗಾಗಿ ಸುಣ್ಣಕಲ್ಲು ಅಗೆಯುತ್ತಾರಲ್ಲ, ಅಲ್ಲೇಕೆ ಚಿಪ್ಪುಗಳಿಲ್ಲ? ಭೀಮಾ ಜಲಾನಯನದ ಆ ಕಲ್ಲು, ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ವಿಕಾಸಗೊಳ್ಳುವುದಕ್ಕೂ ಮುಂಚಿನದು. ಪದರಗಳನ್ನು ಅಳೆಯುವ ವಿಧಾನವನ್ನು ಅಲ್ಲಿ ಧಾರಾಳವಾಗಿ ಕಲಿಯಬಹುದು, ಅರಿಯಲೂರಿಗೆ ಹೊರಡುವ ಮುಂಚಿನ ಅಭ್ಯಾಸಕ್ಕೆ ಅದು ಒಳ್ಳೆಯ ಸ್ಥಳವೂ ಹೌದು. ಆದರೆ ಸಿಂಪಿಯನ್ನು ಹುಡುಕಿ ಫಲವಿಲ್ಲ.

ಅನುಮತಿ ಮತ್ತು ಸುರಕ್ಷತೆ

ಕ್ವಾರಿಯು ಗಣಿ ಸುರಕ್ಷತೆಯ ಕಾನೂನಿನ ವ್ಯಾಪ್ತಿಗೆ ಬರುವ ಕೆಲಸದ ಸ್ಥಳ. ಅಲ್ಲಿಗೆ ಕಾಲಿಡುವ ಪ್ರತಿಯೊಬ್ಬರ ಸುರಕ್ಷತೆಗೂ ಗಣಿ ವ್ಯವಸ್ಥಾಪಕರು ಕಾನೂನಿನ ಪ್ರಕಾರ ಹೊಣೆಗಾರರಾಗಿರುತ್ತಾರೆ. ಆದಕಾರಣ ಕಾವಲುಗಾರನ ಬಾಯಿಮಾತಿನ ಒಪ್ಪಿಗೆ ಸಾಲದು. ವ್ಯವಸ್ಥಾಪಕರ ಲಿಖಿತ ಅನುಮತಿ ಬೇಕು. ಪತ್ರದಲ್ಲಿ ಬರುವವರ ಸಂಖ್ಯೆ, ದಿನಾಂಕ, ಉದ್ದೇಶ, ಛಾಯಾಚಿತ್ರ ತೆಗೆಯುವ ಮತ್ತು ಮಾದರಿ ಒಯ್ಯುವ ಇಚ್ಛೆಯನ್ನು ಪ್ರತ್ಯೇಕವಾಗಿ ನಮೂದಿಸಬೇಕು. ದೊಡ್ಡ ಗಣಿಗಳಲ್ಲಿ ಕಂಪನಿಯದೇ ಭೂವಿಜ್ಞಾನಿ ಇರುತ್ತಾರೆ. ಅವರ ಜೊತೆ ಮಾತನಾಡಿದರೆ ಯಾವ ಬೆಂಚಿನಲ್ಲಿ (ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತದಲ್ಲಿ) ಈಗ ಕೆಲಸವಿಲ್ಲ, ಯಾವುದು ಶೀಘ್ರದಲ್ಲಿ ಹೋಗಲಿದೆ, ಕೊರೆದು ತೆಗೆದ ಬೋರ್‌ಹೋಲ್ ದಾಖಲೆ ಇದೆಯೇ ಎಂಬ ಬಹು ಉಪಯುಕ್ತ ಮಾಹಿತಿ ಸಿಗುತ್ತದೆ. ಹೋಗಲಿರುವ ಬೆಂಚಿಗೆ ಮೊದಲ ಆದ್ಯತೆ.

ಸ್ಫೋಟದ ವೇಳೆಯನ್ನು ಕೇಳಿ ಬರೆದುಕೊಂಡು, ಆ ವೇಳೆಗೆ ಎಲ್ಲಿ ನಿಲ್ಲಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಸ್ಫೋಟವಾದ ಗೋಡೆಯ ಹತ್ತಿರ, ಬ್ಲಾಸ್ಟರ್ ಪರಿಶೀಲಿಸಿ ಒಪ್ಪಿಗೆ ಕೊಡುವವರೆಗೆ ಯಾರೂ ಹೋಗಬಾರದು. ಸಿಡಿಯದೆ ಉಳಿದ ಮದ್ದು ಇರಬಹುದು. ಹೆಲ್ಮೆಟ್, ಗಟ್ಟಿ ಬೂಟು, ಹೊಳೆಯುವ ಅಂಗಿ, ಕಣ್ಣಿಗೆ ಕನ್ನಡಕ ಕಡ್ಡಾಯ. ಡಂಪರ್ ಚಾಲಕನಿಗೆ ತನ್ನ ವಾಹನದ ಹತ್ತಿರ ನಿಂತವರು ಕಾಣುವುದೇ ಇಲ್ಲವೆಂದು ಭಾವಿಸಿ ನಡೆಯುವುದು ಕ್ಷೇಮ. ಎತ್ತರದ ಗೋಡೆಯ ಬುಡದಲ್ಲಿ ಕುಳಿತು ಚಿಪ್ಪು ಬಿಡಿಸುವುದು, ತಲೆಗಿಂತ ಮೇಲಿರುವ ಕಲ್ಲಿಗೆ ಸುತ್ತಿಗೆ ಹಾಕುವುದು, ಮಳೆ ಬಂದ ಮರುದಿನ ಗೋಡೆಗೆ ಹೊಂದಿಕೊಂಡು ನಡೆಯುವುದು ಇವೆಲ್ಲ ನಿಷಿದ್ಧ. ಈ ಸೀಮೆಯ ಸುಣ್ಣಕಲ್ಲಿನ ಮೇಲೆ ಎರೆಮಣ್ಣಿನ ಹೊದಿಕೆ ಇರುವುದರಿಂದ, ನೀರು ಕುಡಿದ ಮಣ್ಣು ಮೇಲಂಚಿನಿಂದ ಕುಸಿಯುವುದು ಉಂಟು. ಬೇಸಿಗೆಯಲ್ಲಿ ಬಿಳಿ ಕಲ್ಲಿನಿಂದ ಪ್ರತಿಫಲಿಸುವ ಬಿಸಿಲು ಕೆಳಗಿನಿಂದಲೂ ಸುಡುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಗಿನ ಹೊತ್ತು ಈ ಕೆಲಸಕ್ಕೆ ಪ್ರಶಸ್ತ.

ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಭೂವಿಜ್ಞಾನಿಯ ಸುತ್ತಿಗೆ, ಎರಡು ಉಳಿ, ಹತ್ತುಪಟ್ಟು ಹಿಗ್ಗಿಸುವ ಮಸೂರ, ಪದರಗಳ ಓರೆಯನ್ನು (ಬಾಗನ್ನು) ಅಳೆಯುವ ದಿಕ್ಸೂಚಿ, ಟೇಪು, ಪೆನ್ಸಿಲ್, ಗಟ್ಟಿ ರಟ್ಟಿನ ನೋಟ್‌ಬುಕ್, ತೊಟ್ಟಿಕ್ಕುವ ಶೀಶೆಯಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ನೀರೆರಚುವ ಬಾಟಲಿ, ಬ್ರಷ್, ಚೀಲಗಳು, ಹಳೆಯ ಪತ್ರಿಕೆಗಳು. ನೀರೆರಚುವ ಬಾಟಲಿಯನ್ನು ಅನೇಕರು ಮರೆಯುತ್ತಾರೆ. ಕ್ವಾರಿಯ ಗೋಡೆಯೆಲ್ಲ ಕಲ್ಲುಪುಡಿಯಿಂದ ಮುಚ್ಚಿರುವುದರಿಂದ, ಬ್ರಷ್‌ನಿಂದ ಉಜ್ಜಿ ನೀರು ಹಾಯಿಸದ ಹೊರತು ಚಿಪ್ಪಿನ ಅಂಚೂ ಪದರದ ಗೆರೆಯೂ ಕಾಣಿಸುವುದಿಲ್ಲ.

ಗೋಡೆಯನ್ನು ಓದುವುದು

ಗೋಡೆಯಿಂದ ದೂರದಲ್ಲಿ, ಇಡೀ ಬೆಂಚು ಒಂದೇ ನೋಟಕ್ಕೆ ಸಿಗುವ ಕಡೆ ನಿಂತು ಮೊದಲು ಚಿತ್ರ ಬರೆಯಬೇಕು. ಛಾಯಾಚಿತ್ರವೂ ಬೇಕು, ಗೋಡೆಯುದ್ದಕ್ಕೂ ನಡೆಯುತ್ತ, ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನದರಲ್ಲೂ ಬರುವಂತೆ, ಅಳತೆಯ ಕೋಲನ್ನು ಬುಡದಲ್ಲಿ ನಿಲ್ಲಿಸಿ ತೆಗೆಯಬೇಕು. ಆದರೆ ಛಾಯಾಚಿತ್ರವು ರೇಖಾಚಿತ್ರಕ್ಕೆ ಬದಲಿಯಲ್ಲ. ಬರೆಯುವಾಗ ಕಣ್ಣು ಪ್ರತಿಯೊಂದು ಗೆರೆಯ ಬಗ್ಗೆಯೂ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ: ಇದು ಪದರದ ಸಂದೋ, ಬಿರುಕೋ, ಅಥವಾ ಯಂತ್ರದ ಗಾಯವೋ? ಗೋಡೆಯ ಮೇಲೆ ಸಮಾನ ಅಂತರದಲ್ಲಿ ಲಂಬವಾಗಿ ಇಳಿದಿರುವ ಅರ್ಧಗೊಳವೆಯಂಥ ಗೀರುಗಳು ಸ್ಫೋಟಕ್ಕಾಗಿ ಕೊರೆದ ರಂಧ್ರಗಳ ಉಳಿಕೆ. ಕೆಂಪುಮಣ್ಣು ತುಂಬಿದ ಜೇಬುಗಳು ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಮಾಡಿದ ಪೊಳ್ಳುಗಳು. ಅವುಗಳೊಳಗಿನ ಬಸವನಹುಳುವಿನ ಚಿಪ್ಪು ಮೇಲಿನ ಹೊಲದಿಂದ ಈಚೆಗೆ ಬಿದ್ದದ್ದು. ಮೇಲ್ಮಣ್ಣಿನ ಕೆಳಗಿನ ಬಿಳಿ ಗಂಟುಗಳು ಮಣ್ಣಿನಲ್ಲೇ ಬೆಳೆದ ಸುಣ್ಣದ ಕಂಕರ. ಇವುಗಳನ್ನು ಕಡಲ ಪದರಗಳ ಲೆಕ್ಕಕ್ಕೆ ಸೇರಿಸಬಾರದು.

ಆಮೇಲೆ ಕೆಳಗಿನ ಪದರದಿಂದ ಆರಂಭಿಸಿ ಮೇಲಕ್ಕೆ ಸಂಖ್ಯೆ ಕೊಡುತ್ತ ಹೋಗಬೇಕು. ಬಣ್ಣವೊಂದನ್ನೇ ನಂಬಿ ಪದರ ಬೇರ್ಪಡಿಸುವುದು ಸರಿಯಲ್ಲ, ಕಬ್ಬಿಣದ ಕಲೆ ಒಂದೇ ಪದರವನ್ನು ಎರಡು ಬಣ್ಣವಾಗಿಸಬಲ್ಲದು. ಕಣದ ಗಾತ್ರ, ಗಡಸುತನ, ಮರಳಿನ ಪ್ರಮಾಣ, ಚಿಪ್ಪಿನ ಜಾತಿ ಇವುಗಳಲ್ಲಿ ಕನಿಷ್ಠ ಎರಡು ಬದಲಾದಾಗ ಹೊಸ ಸಂಖ್ಯೆ ಕೊಡುವುದು ನನ್ನ ಪದ್ಧತಿ. ಒಂದು ತೊಟ್ಟು ಆಮ್ಲ ಹಾಕಿ ನೋಡಿದರೆ ಶುದ್ಧ ಸುಣ್ಣಕಲ್ಲು ರಭಸದಿಂದ ನೊರೆಯುತ್ತದೆ. ಮರಳು ಬೆರೆತದ್ದರಲ್ಲಿ ನೊರೆ ಅಡಗಿದ ಮೇಲೆ ಬೆಣಚುಕಲ್ಲಿನ ಕಣಗಳು ಮಸೂರದಡಿಯಲ್ಲಿ ಉಬ್ಬಿ ನಿಲ್ಲುತ್ತವೆ. ಪದರಗಳ ನಡುವಿನ ಸಂದನ್ನೂ ಪದರದಷ್ಟೇ ಗಮನದಿಂದ ನೋಡಬೇಕು. ಸಂದು ನೇರವಾಗಿದೆಯೇ, ಅಲೆಯಲೆಯಾಗಿದೆಯೇ, ಕೆಳಗಿನ ಕಲ್ಲನ್ನು ಜೀವಿಗಳು ಕೊರೆದಿವೆಯೇ, ಅದರ ಮೇಲೆ ಉರುಟುಕಲ್ಲುಗಳು ಕುಳಿತಿವೆಯೇ? ಕೊರೆದ, ಕಬ್ಬಿಣದ ಲೇಪವಿರುವ ಸಂದು ಸಂಚಯನ ಬಹುಕಾಲ ನಿಂತಿತ್ತೆಂಬುದರ ಗುರುತು. ಕಾಲದ ದೊಡ್ಡ ಭಾಗ ಪದರಗಳಲ್ಲಲ್ಲ, ಇಂಥ ಸಂದುಗಳಲ್ಲಿ ಅಡಗಿರುತ್ತದೆ.

ದಪ್ಪ ಅಳೆಯುವ ಲೆಕ್ಕ ಸರಳ. ಲಂಬವಾಗಿ ಅಳೆದ ಎತ್ತರವನ್ನು ಓರೆಯ ಕೋನದ ಕೊಸೈನ್‌ನಿಂದ ಗುಣಿಸಿದರೆ ನಿಜವಾದ ದಪ್ಪ ಬರುತ್ತದೆ. ಪದರ 5 ಡಿಗ್ರಿ ಬಾಗಿದ್ದರೆ 4 ಮೀಟರ್ ಎತ್ತರಕ್ಕೆ 3.98 ಮೀಟರ್ ದಪ್ಪ; ವ್ಯತ್ಯಾಸವನ್ನು ಕೈಬಿಡಬಹುದು. ಆದರೆ ಅದೇ 5 ಡಿಗ್ರಿ ಓರೆ ಕ್ವಾರಿಯ ಸಮತಟ್ಟಾದ ನೆಲದ ಮೇಲೆ ಬೇರೆಯೇ ಪರಿಣಾಮ ಮಾಡುತ್ತದೆ. ಓರೆಯ ದಿಕ್ಕಿನಲ್ಲಿ ನೆಲದ ಮೇಲೆ 100 ಮೀಟರ್ ನಡೆದವನು ಪದರಗಳ ಲೆಕ್ಕದಲ್ಲಿ ಸುಮಾರು 8.7 ಮೀಟರ್ ಮೇಲೇರಿರುತ್ತಾನೆ. ‘ಕ್ವಾರಿಯ ನೆಲದಲ್ಲಿ ಸಿಕ್ಕಿತು’ ಎಂದಷ್ಟೇ ಬರೆದ ಚೀಟಿ ಪ್ರಯೋಜನಕ್ಕೆ ಬಾರದಿರುವುದು ಈ ಕಾರಣಕ್ಕೆ. ಓರೆಯ ದಿಕ್ಕಿಗೆ ಅಡ್ಡವಾಗಿ ಕಡಿದ ಗೋಡೆಯಲ್ಲಿ ಪದರಗಳು ಮಟ್ಟಸವಾಗಿಯೇ ಕಾಣುವುದರಿಂದ, ಕ್ವಾರಿಯ ಮೂಲೆಯಲ್ಲಿ ಒಂದಕ್ಕೊಂದು ಅಡ್ಡವಾಗಿರುವ ಎರಡು ಗೋಡೆಗಳನ್ನು ನೋಡಿ, ಸಾಧ್ಯವಾದರೆ ಪದರದ ತೆರೆದ ಮೈಯ ಮೇಲೆಯೇ ದಿಕ್ಸೂಚಿ ಇಟ್ಟು ಓರೆಯನ್ನು ನಿರ್ಧರಿಸಬೇಕು.

ಪದರದೊಳಗಿನ ಚಿಪ್ಪುಗಳು

ಕಲ್ಲಂಕುರಿಚ್ಚಿಯ ಕಲ್ಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಗ್ರಿಫಿಯ ಎಂಬ ಹೆಸರಿನಿಂದ ಪರಿಚಿತವಾದ ದಪ್ಪ ಸಿಂಪಿ. ಅದರ ಎಡಚಿಪ್ಪು ದೊಡ್ಡದು, ಭಾರವಾದದ್ದು, ಬಟ್ಟಲಿನಂತೆ ಬಾಗಿದ್ದು. ಬಲಚಿಪ್ಪು ಚಪ್ಪಟೆಯಾದ ಮುಚ್ಚಳ. ಬದುಕಿದ್ದಾಗ ಈ ಪ್ರಾಣಿ ಉಬ್ಬಿದ ಬದಿಯನ್ನು ಕೆಳಗೆ ಮಾಡಿ ಕಡಲ ತಳದ ಮೇಲೆ ಕುಳಿತಿರುತ್ತಿತ್ತು. ಹೀಗಾಗಿ ಒಂದು ಪದರದಲ್ಲಿ ಎರಡೂ ಚಿಪ್ಪು ಕೂಡಿಕೊಂಡಿರುವ, ಉಬ್ಬು ಕೆಳಗಾಗಿರುವ ಮಾದರಿಗಳೇ ಹೆಚ್ಚಾಗಿದ್ದರೆ, ಅವು ಬದುಕಿದ ಜಾಗದಲ್ಲೇ ಹೂತುಹೋದವೆಂದು ಬಹಳಮಟ್ಟಿಗೆ ಹೇಳಬಹುದು. ಬಿಡಿಚಿಪ್ಪುಗಳು ಉಬ್ಬು ಮೇಲಾಗಿ ಮಲಗಿದ್ದರೆ ಪ್ರವಾಹ ಅಥವಾ ಅಲೆ ಅವನ್ನು ಹೊರಳಿಸಿದೆ, ಏಕೆಂದರೆ ಹರಿಯುವ ನೀರಿನಲ್ಲಿ ಚಿಪ್ಪಿಗೆ ಅದೇ ಸ್ಥಿರವಾದ ಭಂಗಿ. ಆದ್ದರಿಂದ ಒಂದೇ ಒಂದು ಚಿಪ್ಪನ್ನು ಕೀಳುವ ಮುಂಚೆಯೂ ಆ ಪದರದ ಐವತ್ತು ಚಿಪ್ಪುಗಳ ಭಂಗಿಯನ್ನು ಎಣಿಸಿ ಬರೆಯಬೇಕು. ಕಿತ್ತ ಮೇಲೆ ಈ ಸಾಕ್ಷ್ಯ ಮರಳಿ ದೊರೆಯದು.

ಹೊರಮೈಯನ್ನು ಮಸೂರದಲ್ಲಿ ನೋಡಿದರೆ ಇನ್ನಷ್ಟು ತಿಳಿಯುತ್ತದೆ. ಸೂಜಿಮೊನೆಯಷ್ಟು ರಂಧ್ರಗಳು ಸಾಲಾಗಿದ್ದರೆ ಕೊರೆಯುವ ಸ್ಪಂಜು ಅಲ್ಲಿ ಮನೆ ಮಾಡಿತ್ತು. ಜಾಲರಿಯಂಥ ತೆಳು ಹೊದಿಕೆ ಬ್ರಯೊಜೋವಾ ಎಂಬ, ಗುಂಪಾಗಿ ಬದುಕುವ ಪುಟ್ಟ ಕಡಲಪ್ರಾಣಿಗಳ ವಸಾಹತು. ಇವು ಚಿಪ್ಪಿನ ಒಳಮೈಯಲ್ಲಿಯೂ ಇದ್ದರೆ, ಪ್ರಾಣಿ ಸತ್ತ ಬಳಿಕ ಆ ಚಿಪ್ಪು ಹೂತುಹೋಗದೆ ಬಹುಕಾಲ ತಳದ ಮೇಲೆ ಬಿದ್ದಿತ್ತೆಂದು ಅರ್ಥ.

ಇನ್ನೊಂದು ಮುಖ್ಯ ಜೀವಿ ಇನೊಸೆರಾಮಸ್ ಎಂಬ, ಈಗ ಅಳಿದುಹೋದ ಜೋಡಿಚಿಪ್ಪಿನ ಪ್ರಾಣಿ. ಗ್ರಿಫಿಯ ತುಂಬಿದ ಪದರಗಳಿಗಿಂತ ಕೆಳಗೆ ಇದರ ಚೂರುಗಳು ಹೇರಳವಾಗಿರುವ ಪದರಗಳು ಸಾಮಾನ್ಯವಾಗಿ ಕಾಣುತ್ತವೆ. ಇಡೀ ಚಿಪ್ಪು ಸಿಗುವುದು ಅಪರೂಪ, ಚೂರನ್ನು ಗುರುತಿಸುವುದು ಮಾತ್ರ ಬಹಳ ಸುಲಭ: ಮುರಿದ ಅಂಚನ್ನು ನೀರಿನಿಂದ ತೊಳೆದು ಬಿಸಿಲಿಗೆ ಹಿಡಿದರೆ, ಚಿಪ್ಪಿನ ಮೈಗೆ ಲಂಬವಾಗಿ ಒತ್ತೊತ್ತಾಗಿ ನಿಂತ ಕ್ಯಾಲ್ಸೈಟ್ ಎಳೆಗಳು ಪೊರಕೆಕಡ್ಡಿಯ ಕಟ್ಟಿನ ತುದಿಯಂತೆ ಮಿನುಗುತ್ತವೆ. ಈ ರಚನೆಯಿಂದಾಗಿಯೇ ಚಿಪ್ಪು ಎಳೆಎಳೆಯಾಗಿ ಬಿಚ್ಚಿ ಹೋಗುತ್ತದೆ. ಪದರದ ಮರಳಿನಲ್ಲಿ ಬಿಡಿ ಎಳೆಗಳು ಸಾಕಷ್ಟು ಬೆರೆತಿರುತ್ತವೆ.

ಕಡಲ ಮುಳ್ಳುಚೆಂಡುಗಳಲ್ಲಿ ಸ್ಟಿಗ್ಮಾಟೊಪೈಗಸ್ ಎಂಬ ಉಬ್ಬಿದ ಬಗೆ ಇಲ್ಲಿ ಹೆಸರಾದದ್ದು. ಬೆನ್ನ ಮೇಲಿನ ಐದು ದಳಗಳಿಂದ ಅದನ್ನು ಗುರುತಿಸಬಹುದು. ಅಮೋನೈಟ್ ಮತ್ತು ನಾಟಿಲಸ್ ಎರಡೂ ಸುರುಳಿಯಾಕಾರದವು, ಆದರೆ ಒಳಕೋಣೆಗಳ ಗೋಡೆಯು ಹೊರಚಿಪ್ಪಿಗೆ ತಾಗುವ ಗೆರೆ ಅಮೋನೈಟಿನಲ್ಲಿ ಎಲೆಯಂಚಿನಂತೆ ಸೀಳುಸೀಳಾಗಿಯೂ ನಾಟಿಲಸ್‌ನಲ್ಲಿ ಸರಳವಾದ ಬಾಗಾಗಿಯೂ ಇರುತ್ತದೆ. ಸುಣ್ಣಕಲ್ಲಿನಲ್ಲಿ ಅಮೋನೈಟ್‌ನ ಮೂಲ ಚಿಪ್ಪು ಉಳಿದಿಲ್ಲವೆಂದು ನಿರಾಶರಾಗಬೇಕಾಗಿಲ್ಲ. ಅದು ಅರಗೊನೈಟ್ ಎಂಬ ಬೇಗ ಕರಗುವ ಖನಿಜದಿಂದ ಆದದ್ದು. ಸಿಂಪಿಯದು ಬಾಳಿಕೆಯ ಕ್ಯಾಲ್ಸೈಟ್. ಗೋಡೆಯಲ್ಲಿ ಸಿಂಪಿ ಹೆಚ್ಚಾಗಿ, ಬಸವನಹುಳು ಮತ್ತು ಅಮೋನೈಟ್ ಕಡಿಮೆಯಾಗಿ ಕಂಡರೆ ಅಂದಿನ ಕಡಲಿನಲ್ಲಿಯೂ ಅದೇ ಪ್ರಮಾಣವಿತ್ತೆಂದು ತೀರ್ಮಾನಿಸುವಂತಿಲ್ಲ. ಬರಿಯ ಒಳಅಚ್ಚುಗಳನ್ನೂ (ಚಿಪ್ಪು ಕರಗಿದ ಮೇಲೆ ಉಳಿದ, ಅದರೊಳಗೆ ತುಂಬಿ ಗಟ್ಟಿಯಾದ ಮಣ್ಣಿನ ಅಚ್ಚುಗಳನ್ನೂ) ಎಣಿಕೆಗೆ ಸೇರಿಸಬೇಕು.

ಚಿಪ್ಪಿನಂತೆ ಕಂಡು ಮೋಸಗೊಳಿಸುವ ವಸ್ತುಗಳೂ ಇವೆ. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಪ್ರದೇಶದ ದುಂಡು ಕಲ್ಲುಗಳು ಡೈನೊಸಾರ್ ಮೊಟ್ಟೆಗಳೆಂದು ಸುದ್ದಿಯಾಗಿದ್ದವು. ಅವು ಕಡಲ ಮಣ್ಣಿನಲ್ಲಿ ಖನಿಜ ಕಟ್ಟಿಕೊಂಡು ಬೆಳೆದ ಗಂಟುಗಳೆಂದು ತಜ್ಞರು ತಿಳಿಸಿದರು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಮ್ಯಾಂಗನೀಸ್ ಬಿಡಿಸುವ ಜರೀಗಿಡದಂಥ ಕಪ್ಪು ಚಿತ್ತಾರವೂ ಸಸ್ಯವಲ್ಲ. ಪದರದ ಮೈಯಲ್ಲಿ ಅಲ್ಲ, ಬಿರುಕಿನ ಮೈಯಲ್ಲಿ ಕಂಡ ‘ಎಲೆ’ಯನ್ನು ಸಂಶಯದಿಂದಲೇ ನೋಡಬೇಕು.

ಎಣಿಸುವುದು, ಸಂಗ್ರಹಿಸುವುದು

ಕಣ್ಣು ಸಹಜವಾಗಿ ದೊಡ್ಡದನ್ನೂ ಇಡಿಯಾದದ್ದನ್ನೂ ಆರಿಸುತ್ತದೆ. ಇದನ್ನು ತಡೆಯಲು ಅರ್ಧ ಮೀಟರ್ ಉದ್ದಗಲದ ಚೌಕಟ್ಟನ್ನು ಪದರದ ಮೇಲೆ ಇಟ್ಟು, ಅದರೊಳಗಿನ ಎಲ್ಲವನ್ನೂ, ಚೂರುಗಳನ್ನೂ ಸೇರಿಸಿ, ಎಣಿಸಬೇಕು. ಪ್ರತಿ ಪದರದಲ್ಲಿ ಕನಿಷ್ಠ ಮೂರು ಕಡೆ ಹೀಗೆ ಮಾಡಿದರೆ ಹೋಲಿಕೆಗೆ ಆಧಾರ ಸಿಗುತ್ತದೆ.

ಸ್ಫೋಟದಿಂದ ಬಿದ್ದ ಕಲ್ಲಿನ ರಾಶಿಯಲ್ಲಿ ಉತ್ತಮ ಮಾದರಿಗಳು ಸುಲಭವಾಗಿ ಸಿಗುತ್ತವೆ, ಅವನ್ನು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಚೀಟಿಯಲ್ಲಿ ‘ಸಡಿಲ’ ಎಂದು ಸ್ಪಷ್ಟವಾಗಿ ಬರೆಯಬೇಕು. ಚಿಪ್ಪಿಗೆ ಅಂಟಿರುವ ಕಲ್ಲನ್ನು ಗೋಡೆಯ ಪದರಗಳೊಂದಿಗೆ ಹೋಲಿಸಿ ಅದರ ಮೂಲವನ್ನು ಊಹಿಸಬಹುದಾದರೂ, ಊಹೆಯನ್ನು ಊಹೆಯೆಂದೇ ನಮೂದಿಸಬೇಕು. ಕಲ್ಲಿನ ಜೊತೆಗಿನ ಈ ಸಂಬಂಧ ಉಳಿಯಲೆಂದೇ ಮಾದರಿಯನ್ನು ಪೂರ್ತಿ ಕೆತ್ತಿ ಸ್ವಚ್ಛಗೊಳಿಸದಿರುವುದು ಲೇಸು. ಗೋಡೆಯಿಂದ ತೆಗೆಯುವ ಮಾದರಿಯ ಮೇಲೆ, ತೆಗೆಯುವ ಮುಂಚೆಯೇ, ಮೇಲ್ದಿಕ್ಕಿನ ಬಾಣದ ಗುರುತು ಹಾಕಬೇಕು. ಚಿಪ್ಪಿನ ಒಳಗೆ ಅರ್ಧ ಮಣ್ಣು ತುಂಬಿ, ಉಳಿದರ್ಧದಲ್ಲಿ ಬಿಳಿ ಹರಳು ಬೆಳೆದಿರುವ ಮಾದರಿ ಸಿಕ್ಕರೆ ಅದು ವಿಶೇಷ ಬೆಲೆಯುಳ್ಳದ್ದು: ಮಣ್ಣಿನ ಮೇಲ್ಮಟ್ಟ ಅಂದಿನ ಸಮತಲವನ್ನು ತೋರಿಸುತ್ತದೆ. ಬಾಣದ ಗುರುತು ಇಲ್ಲದಿದ್ದರೆ ಈ ಸಾಕ್ಷ್ಯವನ್ನು ಗೋಡೆಯ ಇಂದಿನ ಓರೆಯೊಂದಿಗೆ ಹೋಲಿಸಿ ನೋಡಲಾಗದು.

ಸಂಖ್ಯೆಯನ್ನು ಚೀಲದ ಹೊರಗೆ ಮಾರ್ಕರ್‌ನಿಂದ, ಒಳಗೆ ಚೀಟಿಯಲ್ಲಿ ಪೆನ್ಸಿಲ್‌ನಿಂದ, ಹೀಗೆ ಎರಡು ಕಡೆ ಬರೆಯಬೇಕು. ಕ್ವಾರಿಯ ಹೆಸರು, ಬೆಂಚು, ಪದರದ ಸಂಖ್ಯೆ, ಪದರದ ಬುಡದಿಂದ ಎತ್ತರ, ಜಿಪಿಎಸ್ ಸ್ಥಾನ, ದಿನಾಂಕ ಇಷ್ಟು ಸಾಕು. ಗೋಡೆ ಹಿಂದೆ ಸರಿಯುತ್ತ ಹೋಗುವುದರಿಂದ ಇಲ್ಲಿ ದಿನಾಂಕವೂ ಸ್ಥಾನದ ಒಂದು ಭಾಗವೇ ಆಗಿದೆ. ಜೇಡಿ ಬೆರೆತ ಮೆದು ಪದರಗಳಿಂದ ಒಂದೆರಡು ಕಿಲೊ ಮಣ್ಣನ್ನೂ ತರಬೇಕು. ಅದನ್ನು ನೀರಿನಲ್ಲಿ, ಅಗತ್ಯವಿದ್ದರೆ ದುರ್ಬಲ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ, ನೆನೆಸಿ 63 ಮೈಕ್ರಾನ್ ಜರಡಿಯಲ್ಲಿ ತೊಳೆದು ಒಣಗಿಸಿದರೆ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ಸಿಗುತ್ತವೆ. ಪದರದ ವಯಸ್ಸನ್ನು ನಿಖರವಾಗಿ ಹೇಳುವವರು ನೆಚ್ಚುವುದು ದೊಡ್ಡ ಸಿಂಪಿಗಿಂತ ಹೆಚ್ಚಾಗಿ ಇವುಗಳನ್ನು. ಒಂದು ಪದರದ ಮಣ್ಣಿನಿಂದ ಇನ್ನೊಂದು ಪದರದ ಮಣ್ಣಿಗೆ ಹೋಗುವ ಮೊದಲು ಜರಡಿಯನ್ನು ಚೆನ್ನಾಗಿ ತೊಳೆಯದಿದ್ದರೆ ಫಲಿತಾಂಶವೆಲ್ಲ ಕಲಸುಮೇಲೋಗರ.

ಮನೆಗೆ ಬಂದ ಮೇಲೆ

ಅದೇ ವಾರ ಸ್ತರಸ್ತಂಭವನ್ನು, ಅಂದರೆ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಪ್ರಮಾಣಬದ್ಧವಾಗಿ ತೋರಿಸುವ ಚಿತ್ರವನ್ನು, ಬರೆಯಬೇಕು. 1 ಸೆಂ.ಮೀ.ಗೆ 50 ಸೆಂ.ಮೀ. ಎಂಬ ಪ್ರಮಾಣದಲ್ಲಿ 12 ಮೀಟರ್ ಗೋಡೆ 24 ಸೆಂ.ಮೀ. ಎತ್ತರಕ್ಕೆ, ಅಂದರೆ ಒಂದು ಹಾಳೆಗೆ, ಹೊಂದುತ್ತದೆ. ಎಡಕ್ಕೆ ದಪ್ಪ, ನಡುವೆ ಕಲ್ಲಿನ ಬಗೆ, ಬಲಕ್ಕೆ ಚಿಪ್ಪುಗಳ ಎಣಿಕೆ, ಭಂಗಿ, ಸಂದಿನ ಸ್ವರೂಪ. ಅರ್ಥವಿವರಣೆಯನ್ನು ಬೇರೆ ಹಾಳೆಯಲ್ಲಿ ಬರೆಯುವುದು ಒಳ್ಳೆಯದು, ಏಕೆಂದರೆ ಅದು ಬದಲಾಗುತ್ತದೆ, ಎಣಿಕೆ ಬದಲಾಗುವುದಿಲ್ಲ. ಮರಳು ಹೆಚ್ಚಿರುವ, ಬಿಡಿಚಿಪ್ಪುಗಳು ತುಂಡಾಗಿರುವ ಪದರ ಅಲೆಯ ಹೊಡೆತವಿರುವ ಆಳವಿಲ್ಲದ ನೀರನ್ನು ಸೂಚಿಸಬಹುದು. ಮೇಲಿನ ಪದರದಲ್ಲಿ ಕೂಡುಚಿಪ್ಪುಗಳು ನೆಲೆನಿಂತಿದ್ದರೆ ನೀರು ಶಾಂತವಾಗಿರಬಹುದು. ಒಂದು ಗೋಡೆಯಿಂದ ಇಷ್ಟನ್ನು ಮೀರಿ ಹೇಳುವುದು ದುಡುಕು.

ಎರಡನೆಯ ಗೋಡೆ ಬಂದಾಗ ಹೋಲಿಕೆ ಶುರುವಾಗುತ್ತದೆ. ಕೆಲವು ಕಿಲೋಮೀಟರ್ ಆಚೆಯ ಕ್ವಾರಿಯಲ್ಲಿ ಅದೇ ಕೊರೆದ ಸಂದು, ಅದರ ಮೇಲೆ ಅದೇ ಗ್ರಿಫಿಯ ಪದರ ಕಂಡರೆ ಎರಡು ಹಾಳೆಗಳ ನಡುವೆ ಗೆರೆ ಎಳೆಯಬಹುದು. ದಪ್ಪ ಒಂದೇ ಇರಬೇಕೆಂದಿಲ್ಲ. ಕ್ರಮ ಒಂದೇ ಇರಬೇಕು. ಕಲ್ಲಂಕುರಿಚ್ಚಿಯ ಮೇಲಕ್ಕೆ ಹೋದರೆ ಒಟ್ಟಕೋವಿಲ್‌ನ ಮರಳುಗಲ್ಲು, ಅದರ ಮೇಲೆ ಕಡಲು ಹಿಮ್ಮೆಟ್ಟಿದ ಬಳಿಕ ನದಿಗಳು ತಂದು ಹಾಕಿದ, ಡೈನೊಸಾರ್ ಎಲುಬುಗಳು ಸಿಕ್ಕಿರುವ ಕಲ್ಲಮೇಡು ಪದರ, ಅದಕ್ಕೂ ಮೇಲೆ ಮತ್ತೆ ಕಡಲು ಬಂದು ಬಿಟ್ಟುಹೋದ ನಿನಿಯೂರು ಸುಣ್ಣಕಲ್ಲು ಇವೆ. ನಿಮ್ಮ ಗೋಡೆ ಈ ಸರಣಿಯಲ್ಲಿ ಎಲ್ಲಿ ಕೂರುತ್ತದೆಂಬುದನ್ನು ಸ್ತಂಭದ ಪಕ್ಕದಲ್ಲಿ ಗುರುತಿಸಬೇಕು.

ಹೊಸದೆನಿಸುವ ಮಾದರಿಯನ್ನು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತೋರಿಸಿ, ಅಲ್ಲಿಯೇ ದಾಖಲೆ ಸಂಖ್ಯೆಯೊಂದಿಗೆ ಬಿಡುವುದು ಸೂಕ್ತ; ಮನೆಯಲ್ಲಿರುವ ಮಾದರಿಯನ್ನು ಆಧರಿಸಿ ಯಾರೂ ಜಾತಿಯನ್ನು ವರ್ಣಿಸಲಾರರು. ಸ್ತರಸ್ತಂಭದ ಒಂದು ಪ್ರತಿಯನ್ನು ಗಣಿಯ ಭೂವಿಜ್ಞಾನಿಗೆ ಕಳುಹಿಸಿ, ಆ ಬೆಂಚಿನ ಗೋಡೆ ಹಿಂದೆ ಸರಿದಾಗ ತಿಳಿಸುವಂತೆ ಕೇಳಿಕೊಳ್ಳಬೇಕು. ಹತ್ತು ಮೀಟರ್ ಹಿಂದೆ ಸರಿದ ಗೋಡೆಯಲ್ಲಿ ಅದೇ ಪದರಗಳನ್ನು ಮತ್ತೆ ಅಳೆದು ಹಳೆಯ ಹಾಳೆಯ ಪಕ್ಕದಲ್ಲಿಟ್ಟರೆ, ಪದರಗಳು ಅಡ್ಡಲಾಗಿ ತೆಳುವಾಗುವ, ದಪ್ಪವಾಗುವ ಅಥವಾ ಕೊನೆಗೊಳ್ಳುವ ಬಗೆ ಮೂರು ಆಯಾಮಗಳಲ್ಲಿ ತಿಳಿಯುತ್ತದೆ. ಹಳ್ಳದ ದಂಡೆಯಲ್ಲಿ ಈ ಅವಕಾಶ ಸಿಗುವುದಿಲ್ಲ.